ಕೂಸಿನ ಗಾಡಿ

ಮನುಷ್ಯನು ಹುಟ್ಟಿದ ಮೇಲೆ ಏರುವ ಮೊದಲನೆಯ ವಾಹನ ತಾಯಿಯ ತೋಳು, ಎರಡನೆಯದು ತೊಟ್ಟಿಲು. ತೊಟ್ಟಿಲಿನ ವಿಷಯದಲ್ಲಿ ತಾಯ್ತಂದೆಗಳು ಜಗಳವಾಡಿದುದನ್ನು ಕೇಳಿದವರು ವಿರಳ. ಅದು ಅಟ್ಟದಿಂದ ಇಳಿಯುತ್ತದೆ, ಇಲ್ಲವೆ ತವರಿನಿಂದ ಬರುತ್ತದೆ. ಅಜ್ಜನು ಮಲಗಿದ ತೊಟ್ಟಿಲಲ್ಲಿ ಮೊಮ್ಮಗನು ಮಲಗುತ್ತಾನೆ. ಅದನ್ನು ಆರಿಸುವ ಪ್ರಮೇಯವೇ ಬರುವುದಿಲ್ಲ. ಆದರೆ ತೊಟ್ಟಿಲು ಮನೆಯೊಳಗಿನ ವಸ್ತು. ಕೂಸನ್ನು ಹೊಸ್ತಿಲಿನಿಂದಾಚೆಗೆ ಒಯ್ಯಬೇಕಾದಾಗ, ಎತ್ತಿಕೊಳ್ಳುವ ಕೈಗಳು ಸಾಲದೆ ಹೋದಾಗ, ಮೂರನೆಯ ವಾಹನವೊಂದು ಬೇಕಾಗುತ್ತದೆ. ಅದೇ ಕೂಸಿನ ಗಾಡಿ. ಇದನ್ನು ಇಂಗ್ಲಿಷರು ಪೆರಾಂಬುಲೇಟರ್ ಎಂದು ಕರೆದು, ಆ ಉದ್ದದ ಹೆಸರು ಬಾಯಿಗೆ ಭಾರವಾಗಲು ಪ್ರಾಮ್ ಎಂದು ಮೊಟಕು ಮಾಡಿದರು. ಕೂಸು ಮಲಗದೆ ಕುಳಿತು ಹೋಗುವ ಬಗೆಯದನ್ನು ಪುಷ್‌ಚೇರ್ ಎಂದರು. ಅಮೆರಿಕದವರ ಸ್ಟ್ರೋಲರ್ ಎಂಬ ಹೆಸರು ಈಗ ಬೆಂಗಳೂರು ಮೈಸೂರುಗಳ ಅಂಗಡಿಗಳಲ್ಲಿಯೂ ಬಳಕೆಗೆ ಬಂದಿದೆ. ಹೆಸರು ಯಾವುದಾದರೂ ಆಗಲಿ, ಅದನ್ನು ಕೊಳ್ಳಹೊರಟ ದಂಪತಿಗಳಿಗೆ ಅಂಗಡಿಯಲ್ಲಿ ಎಲ್ಲವೂ ದೊರೆಯುತ್ತದೆ. ಒಮ್ಮತವೊಂದು ಮಾತ್ರ ಸುಲಭವಾಗಿ ದೊರೆಯುವುದಿಲ್ಲ.

ಕಾಫಿಯ ಪುಡಿಯ ವಿಷಯದಲ್ಲಿ ಒಬ್ಬರು, ಕಿಟಕಿಯ ಪರದೆಯ ವಿಷಯದಲ್ಲಿ ಮತ್ತೊಬ್ಬರು ಸುಮ್ಮನಿದ್ದು ಸಂಸಾರವನ್ನು ಸಾಗಿಸಬಹುದು. ಕೂಸಿನ ಗಾಡಿಯ ವಿಷಯದಲ್ಲಿ ಇದು ಸಾಧ್ಯವಿಲ್ಲ. ತಳ್ಳುವವರು ಇಬ್ಬರು, ಮಡಿಸಿ ಎತ್ತುವವರು ಇಬ್ಬರು, ಅಳುವಾಗ ಬಾಗಿ ನೋಡುವವರು ಇಬ್ಬರು. ಒಳಗೆ ಕುಳಿತುಕೊಳ್ಳತಕ್ಕ ಯಜಮಾನರು ಮಾತ್ರ ಬಾಯಿ ಬಿಟ್ಟು ತಮ್ಮ ಅಭಿಪ್ರಾಯವನ್ನು ಹೇಳಲಾರರು. ಆದುದರಿಂದ ಅವರ ಪರವಾಗಿ ವಾದಿಸುವ ವಕೀಲರ ಸಂಖ್ಯೆ ದೊಡ್ಡದು.

ಗಾಡಿಯ ಪೂರ್ವಚರಿತ್ರೆಯನ್ನು ನೋಡಿದರೆ ಈ ವಾದದ ಬೇರು ಗೋಚರವಾಗುತ್ತದೆ. 1733ರಲ್ಲಿ ವಿಲಿಯಂ ಕೆಂಟ್ ಎಂಬ ವಾಸ್ತುಶಿಲ್ಪಿಯು ಡೆವನ್‌ಷೈರಿನ ಮೂರನೆಯ ಡ್ಯೂಕನ ಮಕ್ಕಳಿಗಾಗಿ ಚಿಪ್ಪಿನಾಕಾರದ ಗಾಡಿಯೊಂದನ್ನು ರಚಿಸಿದನು. ಅದಕ್ಕೆ ಆಡನ್ನೊ ಪುಟ್ಟ ಕುದುರೆಯನ್ನೊ ಕಟ್ಟಿ ಎಳೆಯಿಸುವ ಏರ್ಪಾಡಿತ್ತು. ಅದು ದೊಡ್ಡಮನೆಯ ಮಕ್ಕಳ ವಿನೋದವಾಗಿತ್ತೇ ಹೊರತು ತಾಯಿಯ ಅನುಕೂಲವಾಗಿರಲಿಲ್ಲ. ಮುಂದೆ ಬಹುಕಾಲ ಇಂಥ ಗಾಡಿಗಳನ್ನು ಮುಂದಿನಿಂದ ಎಳೆಯುವುದೇ ವಾಡಿಕೆ. ಎಳೆಯುವವರ ಬೆನ್ನು ಮಗುವಿನ ಕಡೆಗೆ. ಹಿಂದೆ ಮಗು ಜಾರಿದರೂ ಅಳುವಿನ ಸದ್ದು ಕೇಳುವವರೆಗೆ ತಿಳಿಯದು. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಹಿಡಿಯು ಮುಂದಿನಿಂದ ಹಿಂದಕ್ಕೆ ಬಂದಿತು. 1853ರಲ್ಲಿ ಚಾರ್ಲ್ಸ್ ಬರ್ಟನ್ ಎಂಬಾತನು ಹಿಂದಿನಿಂದ ತಳ್ಳುವ ಗಾಡಿಗೆ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದನು. ಸಣ್ಣ ಬದಲಾವಣೆಯೆಂದು ತೋರಿದರೂ ಇದು ಸಣ್ಣದಲ್ಲ. ಅಂದಿನಿಂದ ಮಗುವು ತಾಯಿಯ ಹಿಂದೆ ಬರುವ ಹೊರೆಯಾಗದೆ ತಾಯಿಯ ಕಣ್ಣ ಮುಂದೆ ಸಾಗುವ ಜೀವವಾಯಿತು.

1877ರಲ್ಲಿ ವಿಲಿಯಂ ವಿಲ್ಸನ್ ಎಂಬಾತನು ಲೀಡ್ಸ್ ನಗರದಲ್ಲಿ ಸಿಲ್ವರ್ ಕ್ರಾಸ್ ಎಂಬ ಸಂಸ್ಥೆಯನ್ನು ಸ್ಥಾಪಿಸಿ, ಸ್ಪ್ರಿಂಗುಗಳ ಮೇಲೆ ತೂಗಾಡುವ ಗಾಡಿಗಳಿಗೆ ಹೆಸರಾದನು. ದೊಡ್ಡ ಚಕ್ರ, ಆಳವಾದ ಒಡಲು, ಮೇಲೆ ಮಡಿಸುವ ಕಮಾನು: ಇಂಥ ಗಾಡಿಯಲ್ಲಿ ಕೂಸು ತೊಟ್ಟಿಲಲ್ಲಿದ್ದಂತೆಯೇ ನಿದ್ರಿಸಬಹುದಾಗಿತ್ತು. 1889ರ ಜೂನ್ 18ರಂದು ಅಮೆರಿಕದ ಬಾಲ್ಟಿಮೋರ್ ನಗರದ ವಿಲಿಯಂ ರಿಚರ್ಡ್‌ಸನ್ ಎಂಬ ಕರಿಯ ಜನಾಂಗದ ಶಿಲ್ಪಿಯು ಮತ್ತೊಂದು ಸುಧಾರಣೆಗೆ ಪೇಟೆಂಟ್ ಪಡೆದನು. ಕೂಸು ಮಲಗುವ ಬುಟ್ಟಿಯನ್ನು ತಿರುಗಿಸಿ, ಬೇಕೆಂದಾಗ ತಳ್ಳುವವರ ಮುಖದ ಕಡೆಗೂ ಬೇಡವೆಂದಾಗ ರಸ್ತೆಯ ಕಡೆಗೂ ಮಾಡುವ ಉಪಾಯ ಅದು. ಕೂಸು ಯಾವ ಕಡೆಗೆ ನೋಡಬೇಕೆಂಬ ಪ್ರಶ್ನೆಗೆ ಹೀಗೆ ನೂರಮೂವತ್ತು ವರ್ಷಗಳಿಗೂ ಮಿಕ್ಕ ವಯಸ್ಸಾಗಿದೆ; ಉತ್ತರ ಮಾತ್ರ ಇನ್ನೂ ಪ್ರತಿಯೊಂದು ಮನೆಯಲ್ಲಿಯೂ ಹೊಸದಾಗಿ ಹುಟ್ಟಬೇಕಾಗಿದೆ.

ಆ ಲೀಡ್ಸ್ ನಗರಕ್ಕೇ ಮೈಸೂರಿನಿಂದ ಹೋಗಿ ನೆಲಸಿದ ದಂಪತಿಗಳ ಮನೆಯೊಂದನ್ನು ಉದಾಹರಣೆಯಾಗಿ ನೋಡಬಹುದು. ಗಂಡನಿಗೆ ಅಲ್ಲಿ ಉದ್ಯೋಗ. ಹೆಂಡತಿಯೂ ಓದಿದವಳು, ಉದ್ಯೋಗದಲ್ಲಿದ್ದವಳು, ಹೆರಿಗೆಗಾಗಿ ರಜೆ ಪಡೆದಿದ್ದಳು. ಬಾಣಂತನಕ್ಕೆಂದು ಹೆಂಡತಿಯ ತಾಯಿ ಮೈಸೂರಿನಿಂದ ಬಂದಿದ್ದರು. ಹೊರನಾಡಿನಿಂದ ನೋಡಲು ಬಂದವರಿಗೆ ಆ ದೇಶದ ಸರ್ಕಾರವು ಒಮ್ಮೆಗೆ ಕೊಡುವ ಅವಧಿ ಸಾಮಾನ್ಯವಾಗಿ ಆರು ತಿಂಗಳು. ಮೂವರಿಗೂ ಕೂಸಿನ ಮೇಲೆ ಸಮಾನವಾದ ಅಕ್ಕರೆ. ಗಾಡಿಯ ವಿಷಯದಲ್ಲಿ ಮಾತ್ರ ಮೂರು ಮತ. ದ್ವೈತಾದ್ವೈತ ವಿಶಿಷ್ಟಾದ್ವೈತಗಳಂತೆ ಪ್ರತಿಯೊಂದಕ್ಕೂ ಅದರದೇ ಆದ ಪ್ರಮಾಣಗಳು.

ತಂದೆಯದು ಯಂತ್ರಪಕ್ಷ. ಅಂಗಡಿಗೆ ಹೋದವನು ಮೊದಲು ಚಕ್ರವನ್ನು ಮುಟ್ಟಿ ನೋಡಿದನು. ಬಳಿಕ ಬ್ರೇಕನ್ನು ಕಾಲಿನಿಂದ ಒತ್ತಿದನು. ಬಳಿಕ ಒಂದೇ ಕೈಯಿಂದ ಮಡಿಸಲು ಬರುವುದೇ ಎಂದು ಮೂರು ಸಲ ಪರೀಕ್ಷಿಸಿದನು. ಗಾಳಿ ತುಂಬಿದ ಟೈರು ಕಲ್ಲುನೆಲದ ಮೇಲೆ ಮೃದುವಾಗಿ ಹೋಗುತ್ತದೆ, ಆದರೆ ಪಂಕ್ಚರ್ ಆಗುತ್ತದೆ. ಗಟ್ಟಿ ಚಕ್ರಕ್ಕೆ ಆ ಭಯವಿಲ್ಲ, ಆದರೆ ಕೂಸಿನ ಬೆನ್ನಿಗೆ ಪ್ರತಿಯೊಂದು ಕಲ್ಲಿನ ಸಮಾಚಾರವೂ ಮುಟ್ಟುತ್ತದೆ. ಮುಂದಿನ ಚಕ್ರ ಸುತ್ತ ತಿರುಗುವಂತಿದ್ದರೆ ಅಂಗಡಿಯ ಸಂದಿಗೊಂದಿಗಳಲ್ಲಿ ಸುಖ. ಏರುಪೇರಿನ ಹಾದಿಯಲ್ಲಿ ಅದೇ ಚಕ್ರ ಅಡ್ಡ ತಿರುಗಿ ಹಟ ಹಿಡಿಯುತ್ತದೆ. ಇವೆಲ್ಲವನ್ನೂ ಅವನು ಒಂದು ಕಾಗದದ ಮೇಲೆ ಕೋಷ್ಟಕ ಮಾಡಿ ಬರೆದಿಟ್ಟಿದ್ದನು.

ತಾಯಿಯದು ಮುಖಪಕ್ಷ. ಅವಳಿಗೆ ಬೇಕಾದುದು ಒಂದೇ ಒಂದು ಗುಣ: ಗಾಡಿಯನ್ನು ತಳ್ಳುವಾಗ ಕೂಸಿನ ಮುಖ ಕಾಣಬೇಕು. “ಮಡಿಸೋದು ದಿನಕ್ಕೆ ಎರಡು ಸಲ, ಮುಖ ನೋಡೋದು ನಿಮಿಷಕ್ಕೆ ಎರಡು ಸಲ. ಯಾವುದು ಹೆಚ್ಚು, ನೀವೇ ಲೆಕ್ಕ ಹಾಕಿ” ಎಂದು ಅವಳು ಗಂಡನ ಕೋಷ್ಟಕವನ್ನು ಗಂಡನ ಗಣಿತದಿಂದಲೇ ಖಂಡಿಸಿದಳು.

ಅಜ್ಜಿಯವರದು ಗಾಡಿಯೇ ಬೇಡವೆಂಬ ಪಕ್ಷ. ಶಾಸ್ತ್ರದಲ್ಲಿ ನಿಷ್ಕ್ರಮಣವೆಂಬ ಸಂಸ್ಕಾರವೇ ಉಂಟು. ಕೂಸನ್ನು ನಾಲ್ಕನೆಯ ತಿಂಗಳಲ್ಲಿ ಮನೆಯಿಂದ ಹೊರಕ್ಕೆ ತಂದು ಸೂರ್ಯದರ್ಶನ ಮಾಡಿಸಬೇಕೆಂದು ಅದರ ವಿಧಿ. ಹೀಗಿರಲಾಗಿ ಹದಿನೈದು ದಿನದ ಕೂಸನ್ನು ಚಳಿಯಲ್ಲಿ ಬೀದಿಗೆ ತಳ್ಳಿಕೊಂಡು ಹೋಗುವುದೆಂದರೆ ಅವರಿಗೆ ಎದೆ ಝಲ್ಲೆಂದಿತು. “ಅಲ್ಲ ಕಣೇ, ಎತ್ತಿಕೊಳ್ಳೋಕೆ ನಾನಿಲ್ಲವೆ? ನಿಮ್ಮನ್ನೆಲ್ಲ ಬಗಲಲ್ಲಿ ಇಟ್ಟುಕೊಂಡೇ ಬೆಳೆಸಲಿಲ್ಲವೆ? ತರಕಾರಿ ಹಾಗೆ ಮಗೂನ ಗಾಡಿಯಲ್ಲಿ ಹಾಕಿಕೊಂಡು ಹೋಗೋದೇ?” ಎಂದು ಮಗಳನ್ನು ಕೇಳಿದರು. ಅಳಿಯನೊಡನೆ ಅವರು ಈ ಮಾತನ್ನು ನೇರವಾಗಿ ಆಡಲಿಲ್ಲ. “ನಿಮ್ಮ ಇಷ್ಟ, ಆದರೆ ದೃಷ್ಟಿ ಬೊಟ್ಟು ಇಡದೆ ಕರೆದುಕೊಂಡು ಹೋಗಬೇಡಿ” ಎಂದಷ್ಟೆ ಹೇಳಿದರು.

ಈ ಮೂರು ಮತಗಳೂ ಬರಿಯ ಚಾಪಲ್ಯಗಳಲ್ಲ. ತಂದೆಯ ಪಕ್ಷಕ್ಕೆ ಆಧಾರ ಓವನ್ ಮೆಕ್ಲಾರನ್ ಎಂಬ ವಿಮಾನಶಿಲ್ಪಿಯ ಕೆಲಸ. ಸ್ಪಿಟ್‌ಫೈರ್ ಯುದ್ಧವಿಮಾನವು ನೆಲಕ್ಕಿಳಿಯುವಾಗ ಹೊರಚಾಚಿ, ಮೇಲೇರಿದ ಮೇಲೆ ಒಳಕ್ಕೆ ಮಡಿಸಿಕೊಳ್ಳುವ ಕಾಲುಚಕ್ರಗಳ ರಚನೆಯಲ್ಲಿ ಈತನು ದುಡಿದಿದ್ದನು. ಇವನ ಮಗಳು ಕೂಸಿನೊಡನೆ ಪ್ರಯಾಣ ಮಾಡುವಾಗ ಭಾರವಾದ ಗಾಡಿಯಿಂದ ಪಟ್ಟ ಬವಣೆಯನ್ನು ತಂದೆಯ ಬಳಿ ತೋಡಿಕೊಂಡಳು. ವಿಮಾನದ ಕಾಲು ಮಡಿಯುವುದಾದರೆ ಮೊಮ್ಮಗುವಿನ ಗಾಡಿ ಏಕೆ ಮಡಿಯಬಾರದು? 1965ರಲ್ಲಿ ಅವನು ಹಗುರವಾದ ಅಲ್ಯೂಮಿನಿಯಂ ಕೊಳವೆಗಳಿಂದ, ಕೊಡೆಯಂತೆ ಮಡಿಯುವ ಗಾಡಿಯೊಂದನ್ನು ರಚಿಸಿದನು. 1967ರ ಹೊತ್ತಿಗೆ ಅದು ತಯಾರಾಗಿ ಮಾರಾಟಕ್ಕೆ ಬಂದಿತು. ಅದರ ತೂಕ ಸುಮಾರು 3 ಕಿಲೋಗ್ರಾಂ ಮಾತ್ರ. ಒಂದು ಕೈಯಲ್ಲಿ ಕೂಸು, ಮತ್ತೊಂದು ಕೈಯಲ್ಲಿ ಮಡಿಸಿದ ಗಾಡಿ; ತಾಯಿಯು ಬಸ್ಸನ್ನೂ ರೈಲನ್ನೂ ಏರಬಹುದಾಯಿತು. ಮನೆಯಲ್ಲಿ ಕೂತಿದ್ದ ಎಷ್ಟೋ ಮಂದಿ ತಾಯಂದಿರಿಗೆ ಈ ಮೂರು ಕಿಲೋಗ್ರಾಂ ಲೋಹವು ಊರಿನ ಬಾಗಿಲನ್ನು ತೆರೆಯಿತು ಎಂದರೆ ಅತಿಶಯವಾಗದು.

ಆದರೆ ಲಾಭದೊಡನೆ ನಷ್ಟವೂ ಬಂದಿತು. ಕೊಡೆಯಂತೆ ಮಡಿಯಬೇಕಾದರೆ ಆಸನ ಬಟ್ಟೆಯದಾಗಬೇಕು. ಅದರಲ್ಲಿ ಕೂಸು ರಸ್ತೆಯ ಕಡೆಗೆ ಮುಖಮಾಡಿ ಕೂರಬೇಕು. ಎಳೆಯ ಕೂಸಿಗೆ ಆ ಆಸನ ಸಲ್ಲದು. ಕುತ್ತಿಗೆ ನಿಲ್ಲದ, ಬೆನ್ನು ಗಟ್ಟಿಯಾಗದ ಶಿಶುವನ್ನು ಸಪಾಟಾಗಿ ಮಲಗಿಸಿಯೇ ಕರೆದೊಯ್ಯಬೇಕು. ಆಧಾರವಿಲ್ಲದೆ ಕುಳಿತುಕೊಳ್ಳುವ ಶಕ್ತಿ ಬರುವ ವೇಳೆಗೆ ಸಾಮಾನ್ಯವಾಗಿ ಆರು ತಿಂಗಳಾಗುತ್ತದೆ. ಹೀಗೆ ಹಳೆಯ ಪ್ರಾಮಿನ ಆಳವಾದ ಒಡಲಿನಲ್ಲಿ ಒಂದು ವಿವೇಕವಿತ್ತು. ಹೊಸ ಗಾಡಿಯ ಮಡಿಕೆಯಲ್ಲಿ ಒಂದು ಸ್ವಾತಂತ್ರ್ಯವಿತ್ತು. ಇವೆರಡನ್ನೂ ಒಂದರಲ್ಲಿಯೇ ಕೂಡಿಸಲು ತಯಾರಕರು ಅಂದಿನಿಂದ ಇಂದಿನವರೆಗೂ ಹೆಣಗುತ್ತಿದ್ದಾರೆ. ಕೂಡಿಸಿದಷ್ಟೂ ಬೆಲೆಯೂ ತೂಕವೂ ಏರುತ್ತವೆ.

ತಾಯಿಯ ಪಕ್ಷಕ್ಕೂ ಆಧಾರ ದೊರೆಯಿತು. ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರಜ್ಞೆ ಸುಜಾನ್ ಜೀಡಿಕ್ 2008ರಲ್ಲಿ ಈ ವಿಷಯವಾಗಿ ಒಂದು ಪರಿಶೀಲನೆಯನ್ನು ಪ್ರಕಟಿಸಿದರು. ಊರೂರುಗಳ ಬೀದಿಗಳಲ್ಲಿ ಮಕ್ಕಳೊಡನೆ ಹೋಗುತ್ತಿದ್ದ 2,722 ಜೋಡಿಗಳನ್ನು ಗಮನಿಸಲಾಯಿತು. ಹೆಚ್ಚಿನ ಗಾಡಿಗಳಲ್ಲಿ ಮಕ್ಕಳ ಮುಖ ಆಚೆಗೆ ಇತ್ತು. ಮುಖಾಮುಖಿಯಾಗಿದ್ದ ಗಾಡಿಗಳಲ್ಲಿ ಹಿರಿಯರು ಮಗುವಿನೊಡನೆ ಮಾತನಾಡುತ್ತಿದ್ದುದು ಉಳಿದವುಗಳಿಗಿಂತ ಎರಡು ಪಟ್ಟಿಗೂ ಹೆಚ್ಚು. ಇಪ್ಪತ್ತು ಶಿಶುಗಳ ಮೇಲೆ ನಡೆದ ಸಣ್ಣ ಪರೀಕ್ಷೆಯೊಂದರಲ್ಲಿ, ತಾಯಿಯ ಮುಖ ನೋಡುತ್ತಿದ್ದಾಗ ಕೂಸುಗಳು ನಿದ್ದೆ ಹೋಗುವ ಸಂಭವವೂ ಹೆಚ್ಚಾಗಿ ಕಂಡಿತು. ಇಪ್ಪತ್ತು ಎಂಬುದು ಅಲ್ಪಸಂಖ್ಯೆ. ಅದರಿಂದ ಮಹಾಸಿದ್ಧಾಂತ ಮಾಡುವಂತಿಲ್ಲ. ಆದರೆ ಮಾತು ಕಲಿಯುವ ವಯಸ್ಸಿನಲ್ಲಿ ಮಾತು ಕೇಳಿಸಬೇಕು, ಮಾತಾಡುವವರ ತುಟಿ ಕಣ್ಣುಗಳು ಕಾಣಿಸಬೇಕು ಎಂಬುದನ್ನು ತಿಳಿಯಲು ಮಹಾಸಿದ್ಧಾಂತವೇನೂ ಬೇಕಾಗಿಲ್ಲ. ಅಜ್ಜಿಯ ಬಗಲಲ್ಲಿ ಕೂತ ಕೂಸಿಗೆ ಈ ಎರಡೂ ಬೇಡದೆಯೇ ದೊರೆಯುತ್ತವೆ. ಆ ಮಾತನ್ನು ಮಗಳು ಓದಿ ಹೇಳಿದಾಗ ಅಜ್ಜಿಯವರು, “ಇದನ್ನು ಕಂಡುಹಿಡಿಯೋಕೆ ಅಷ್ಟು ಜನ ಬೀದಿ ಸುತ್ತಬೇಕಾಯಿತೆ?” ಎಂದು ನಕ್ಕರು.

ನೆರೆಹೊರೆಯ ತಾಯ್ತಂದೆಗಳಿಂದಲೂ ಸಲಹೆಗಳು ಬಂದುವು. ಪ್ರತಿಯೊಬ್ಬರ ಮೆಚ್ಚುಗೆಯ ಹಿಂದೆ ಅವರವರ ಬದುಕು ಇತ್ತು. ಲಿಫ್ಟ್ ಇಲ್ಲದ ಕಟ್ಟಡದ ಮೂರನೆಯ ಅಂತಸ್ತಿನಲ್ಲಿರುವವಳಿಗೆ ತೂಕವೊಂದೇ ದೇವರು; ಕಾಲು ಕಿಲೋಗ್ರಾಂ ಉಳಿದರೂ ಅವಳಿಗೆ ಲಾಭ. ಯಾರ್ಕ್‌ಷೈರಿನ ಗುಡ್ಡಗಳಲ್ಲಿ ನಡೆಯುವ ಹವ್ಯಾಸದವನಿಗೆ ಮೂರು ದೊಡ್ಡ ಚಕ್ರಗಳ ಓಟದ ಗಾಡಿಯೇ ಆಗಬೇಕು. ಇಂಥ ಗಾಡಿಯನ್ನು ಅಮೆರಿಕದ ಫಿಲ್ ಬೇಕ್ಲರ್ ಎಂಬಾತನು 1980ರ ದಶಕದಲ್ಲಿ, ಓಡುವಾಗ ಮಗನನ್ನೂ ಕರೆದೊಯ್ಯುವುದಕ್ಕಾಗಿ ಕಲ್ಪಿಸಿದನು. ಅವಳಿ ಮಕ್ಕಳ ತಾಯಿಗೆ ಅಗಲದ ಚಿಂತೆ. ಪಕ್ಕಪಕ್ಕದಲ್ಲಿ ಕೂರಿಸುವ ಗಾಡಿ ಅಂಗಡಿಯ ಬಾಗಿಲಲ್ಲಿ ಸಿಕ್ಕಿಕೊಳ್ಳುತ್ತದೆ. ಒಂದರ ಹಿಂದೊಂದು ಕೂರಿಸುವ ಗಾಡಿಯಲ್ಲಿ ಹಿಂದಿನ ಮಗು ಮುಂದಿನದರ ಕೂದಲನ್ನು ಎಳೆಯುತ್ತದೆ. ಆರು ಅಡಿ ಎತ್ತರದ ತಂದೆಗೆ ಹಿಡಿಯ ಎತ್ತರವೇ ಮುಖ್ಯ. ಗಿಡ್ಡ ಹಿಡಿಯನ್ನು ಅರ್ಧ ಗಂಟೆ ತಳ್ಳಿದರೆ ಅವನ ಸೊಂಟ ಮಗುವಿಗಿಂತ ಗಟ್ಟಿಯಾಗಿ ಅಳುತ್ತದೆ. ಇವರಲ್ಲಿ ಯಾರ ಮಾತೂ ಸುಳ್ಳಲ್ಲ. ಯಾರ ಮಾತೂ ಮತ್ತೊಬ್ಬರಿಗೆ ಪೂರ್ತಿಯಾಗಿ ಒಪ್ಪುವಂತಿಲ್ಲ. ಚಪ್ಪಲಿಯ ಅಳತೆಯನ್ನು ನೆರೆಯವರ ಕಾಲಿನಿಂದ ತೆಗೆಯಲಾಗದಷ್ಟೆ.

ಕಡೆಗೆ ಕೊಂಡುದು ಬುಟ್ಟಿಯನ್ನು ತಿರುಗಿಸಲು ಬರುವ, ಬುಟ್ಟಿಯನ್ನು ತೆಗೆದು ಆಸನವನ್ನು ಇಡಲು ಬರುವ, ಮಡಿಸಲು ಎರಡು ಕೈಯೂ ಸ್ವಲ್ಪ ತಾಳ್ಮೆಯೂ ಬೇಕಾಗುವ ಗಾಡಿ. ಮುಖಪಕ್ಷಕ್ಕೆ ಜಯವಾಯಿತು. ಯಂತ್ರಪಕ್ಷಕ್ಕೆ ಸಮಾಧಾನವಾಗಿ ಗಾಳಿಯ ಟೈರುಗಳು ದೊರೆತವು.

ಅಜ್ಜಿಯವರ ಪಕ್ಷಕ್ಕೆ ಏನಾಯಿತೆಂಬುದೇ ಇದರಲ್ಲಿ ಗಮನಿಸತಕ್ಕ ವಿಷಯ. ಮೊದಲ ತಿಂಗಳು ಅವರು ಗಾಡಿಯನ್ನು ಮುಟ್ಟಲಿಲ್ಲ. ಮೂರನೆಯ ತಿಂಗಳಲ್ಲಿ ಕೂಸಿನ ತೂಕ ಆರು ಕಿಲೋಗ್ರಾಂ ಆಯಿತು. ಅವರ ಮಂಡಿಯ ನೋವೂ ಅದಕ್ಕೆ ಸರಿಯಾಗಿ ಬೆಳೆಯಿತು. ಒಂದು ದಿನ ಮಗಳಿಗೆ ಜ್ವರ, ಅಳಿಯ ಆಫೀಸಿನಲ್ಲಿ, ಕೂಸು ಒಂದೇ ಸಮನೆ ಅಳುತ್ತಿದೆ. ಅವರು ಕೂಸನ್ನು ಬುಟ್ಟಿಯಲ್ಲಿ ಮಲಗಿಸಿ, ಶಾಲು ಹೊದ್ದು, ಮನೆಯ ಮುಂದಿನ ಪಾರ್ಕಿಗೆ ತಳ್ಳಿಕೊಂಡು ಹೋದರು. ಕೂಸು ಎರಡು ತಿರುವು ದಾಟುವಷ್ಟರಲ್ಲಿ ನಿದ್ದೆಹೋಯಿತು. ಅದಕ್ಕಿಂತ ಹೆಚ್ಚಾಗಿ, ಹಿಡಿಯ ಮೇಲೆ ಕೈಯೂರಿ ನಡೆದರೆ ತಮ್ಮ ಮಂಡಿಗೂ ಆಸರೆಯಾಗುತ್ತದೆಂಬುದನ್ನು ಅವರು ಕಂಡುಕೊಂಡರು. ಅಂದಿನಿಂದ ಸಂಜೆಯ ತಿರುಗಾಟ ಅವರದಾಯಿತು. ಭಾಷೆ ಬಾರದ ಊರಿನಲ್ಲಿ ಗಾಡಿಯೇ ಅವರಿಗೆ ದುಭಾಷಿಯಾಯಿತು. ಪಾರ್ಕಿನಲ್ಲಿ ಬೇರೆ ಬೇರೆ ದೇಶಗಳ ಅಜ್ಜಿಯರು ಗಾಡಿಯೊಳಗೆ ಇಣಿಕಿ ನಕ್ಕರೆ ಇವರೂ ನಕ್ಕರು. ದೃಷ್ಟಿ ಬೊಟ್ಟು ಮಾತ್ರ ಒಂದು ದಿನವೂ ತಪ್ಪಲಿಲ್ಲ.

ಆರು ತಿಂಗಳು ತುಂಬಿ ಅಜ್ಜಿಯವರು ಊರಿಗೆ ಹೊರಟುಹೋದ ಮೇಲೆ ಮನೆಯಲ್ಲಿ ಹಗಲೆಲ್ಲ ಉಳಿದವರು ತಾಯಿ, ಕೂಸು ಇಬ್ಬರೇ. ಅದು ಚಳಿಗಾಲ, ನಾಲ್ಕು ಗಂಟೆಗೆ ಕತ್ತಲೆ. ಮಾತನಾಡಿಸುವವರಿಲ್ಲ, ಅರ್ಧ ಗಂಟೆ ಕೂಸನ್ನು ಎತ್ತಿಕೊಳ್ಳುವವರಿಲ್ಲ. ಕೂಡುಕುಟುಂಬದಲ್ಲಿ ಹತ್ತು ಕೈಗಳು ಮಾಡುತ್ತಿದ್ದ ಕೆಲಸವನ್ನು ಎರಡು ಕೈಗಳು ಮಾಡಬೇಕಾದಾಗ ಮನಸ್ಸಿನ ಮೇಲೆ ಬೀಳುವ ಭಾರವನ್ನು ಬಾಣಂತಿಯರೇ ಬಲ್ಲರು. ಕೆಲವು ದಿನ ಅವಳು ಕಾರಣವಿಲ್ಲದೆ ಅತ್ತಳು. ದಿನಕ್ಕೊಮ್ಮೆ ಹೊರಗೆ ಹೋಗಿಬರಬೇಕೆಂದು ಮನೆಗೆ ಬಂದು ನೋಡುವ ನರ್ಸಮ್ಮ ಹೇಳಿಹೋದರು. ಹೋಗುವುದು ಗಾಡಿಯಿಂದಲೇ ಸಾಧ್ಯ. ಗಂಡನ ಕೋಷ್ಟಕದಲ್ಲಿ ಗಾಡಿಯ ಈ ಗುಣಕ್ಕೆ ಅಂಕಣವಿರಲಿಲ್ಲ. ತಾಯಿಯನ್ನು ಮನೆಯಿಂದ ಹೊರಕ್ಕೆ ತರುವ ಗುಣವೇ ಅದರ ದೊಡ್ಡ ಗುಣವಾಗಿತ್ತು.

ಬಸ್ಸನ್ನು ಏರುವಾಗ ಮಾತ್ರ ಹಿಂದೆ ಸೋತ ಯಂತ್ರಪಕ್ಷವು ಸೇಡು ತೀರಿಸಿಕೊಳ್ಳುತ್ತಿತ್ತು. ಅಲ್ಲಿಯ ಬಸ್ಸುಗಳಲ್ಲಿ ಗಾಲಿಕುರ್ಚಿಗೆಂದು ಒಂದು ಸ್ಥಳ ಉಂಟು. ಅದು ತೆರವಾಗಿದ್ದಾಗ ಕೂಸಿನ ಗಾಡಿಯನ್ನು ನಿಲ್ಲಿಸಬಹುದು. 2012ರ ಫೆಬ್ರವರಿಯಲ್ಲಿ ವೆದರ್‌ಬಿಯಿಂದ ಲೀಡ್ಸಿಗೆ ಹೊರಟ ಒಂದು ಬಸ್ಸಿನಲ್ಲಿ ಆ ಸ್ಥಳವನ್ನು ಮಲಗಿದ ಕೂಸಿದ್ದ ಗಾಡಿಯೊಂದು ಆಕ್ರಮಿಸಿತ್ತು. ಗಾಲಿಕುರ್ಚಿಯ ಪ್ರಯಾಣಿಕರೊಬ್ಬರು ಬಂದರು. ಚಾಲಕನು ಕೇಳಿದಾಗ ತಾಯಿಯು ತನ್ನ ಗಾಡಿ ಮಡಿಸಲು ಬರುವುದಿಲ್ಲವೆಂದಳು; ಪ್ರಯಾಣಿಕರು ಬಸ್ಸನ್ನು ಏರಲಾಗಲಿಲ್ಲ. ಆ ವ್ಯಾಜ್ಯವು ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. 2017ರ ಜನವರಿಯಲ್ಲಿ, ಚಾಲಕನು ಬರಿದೆ ವಿನಂತಿಸಿ ಸುಮ್ಮನಾದರೆ ಸಾಲದು, ನಿರಾಕರಣೆ ನ್ಯಾಯವಲ್ಲವೆಂದು ಕಂಡರೆ ಇನ್ನೂ ಒತ್ತಾಯಿಸಬೇಕು, ಬೇಕಾದರೆ ಬಸ್ಸನ್ನು ಕೆಲವು ನಿಮಿಷ ನಿಲ್ಲಿಸಬೇಕು ಎಂದು ನ್ಯಾಯಾಧೀಶರು ತೀರ್ಪಿತ್ತರು.

ಇಬ್ಬರು ಅಸಹಾಯರು ಒಂದೇ ಸ್ಥಳಕ್ಕಾಗಿ ಎದುರುಬದುರು ನಿಲ್ಲಬೇಕಾಗಿ ಬಂದುದು ಎಂಥ ವಿಪರ್ಯಾಸ! ಗಾಲಿಕುರ್ಚಿಯವರಿಗೆ ಬೇರೆ ದಾರಿಯಿಲ್ಲ. ತಾಯಿಗೆ ಕಷ್ಟವಾದರೂ ದಾರಿ ಉಂಟು. ಧರ್ಮಸೂಕ್ಷ್ಮ ಇಷ್ಟೆ. ಲೀಡ್ಸಿನ ಆ ಮೈಸೂರಿನ ತಾಯಿಗೂ ಒಂದು ದಿನ ಅದೇ ಪ್ರಸಂಗ ಬಂದಿತು. ಕೂಸನ್ನು ಎದುರಿನ ಆಸನದ ಮುದುಕಿಯೊಬ್ಬಳ ತೊಡೆಯ ಮೇಲಿಟ್ಟು, ಬುಟ್ಟಿಯನ್ನು ತೆಗೆದು, ಎರಡು ಕೈಯಿಂದ ಹೆಣಗಿ ಅವಳು ಗಾಡಿಯನ್ನು ಮಡಿಸಿದಳು. ಮನೆಗೆ ಬಂದು ಗಂಡನಿಗೆ, “ಮುಂದಿನದು ನೀವು ಹೇಳಿದ ಬಗೆಯದೇ ಆಗಲಿ” ಎಂದಳು. ಅವನು ಗೆಲುವಿನಿಂದ ಬೀಗಲಿಲ್ಲ. ಅಷ್ಟರಲ್ಲಿ ಅವನೂ ತಳ್ಳುತ್ತ ತಳ್ಳುತ್ತ ಕೂಸಿನ ಮುಖ ನೋಡುವ ರುಚಿಯನ್ನು ಕಂಡಿದ್ದನು.

ಮೆಚ್ಚುಗೆಯ ಮಾತು ಹಾಗಿರಲಿ. ಯಾವ ಗಾಡಿಯನ್ನು ಕೊಂಡವರೂ ಮರೆಯಬಾರದ ಕೆಲವು ಸಂಗತಿಗಳಿವೆ. ಹಿಡಿಗೆ ಭಾರವಾದ ಚೀಲಗಳನ್ನು ತೂಗಹಾಕಬಾರದು. ಕೂಸನ್ನು ಎತ್ತಿಕೊಂಡ ಕೂಡಲೇ, ಕೆಲವು ವೇಳೆ ಎತ್ತಿಕೊಳ್ಳುವ ಮೊದಲೇ, ಗಾಡಿ ಹಿಂದಕ್ಕೆ ಮಗುಚುತ್ತದೆ. ಭುಜಗಳಿಗೆ ಎರಡು, ಸೊಂಟಕ್ಕೆ ಎರಡು, ತೊಡೆಗಳ ನಡುವೆ ಒಂದು, ಹೀಗೆ ಐದು ಪಟ್ಟಿಗಳ ಕಟ್ಟನ್ನು ಹತ್ತೇ ಹೆಜ್ಜೆಯ ದಾರಿಯಾದರೂ ಬಿಗಿಯಬೇಕು. ನಿಂತೊಡನೆ ಬ್ರೇಕು ಹಾಕಬೇಕು; ಸಪಾಟೆಂದು ತೋರುವ ರೈಲ್ವೆ ಪ್ಲಾಟ್‌ಫಾರಮ್ಮೂ ಇಳಿಜಾರಾಗಿರುವುದುಂಟು. ಮಡಿಸುವಾಗ, ಬಿಚ್ಚುವಾಗ ಮಗು ದೂರವಿರಬೇಕು. 2009ರಲ್ಲಿ ಹೆಸರಾದ ಗಾಡಿಯೊಂದರ ಮಡಿಕೆಯ ಕೀಲಿನಲ್ಲಿ ಮಕ್ಕಳ ಬೆರಳ ತುದಿಗಳು ತುಂಡಾದ ದೂರುಗಳು ಬರಲು, ಅಮೆರಿಕದಲ್ಲಿ ಸುಮಾರು ಹತ್ತು ಲಕ್ಷ ಗಾಡಿಗಳಿಗೆ ಕೀಲಿನ ಮುಚ್ಚಳಗಳನ್ನು ಒದಗಿಸಬೇಕಾಯಿತು. ಬಿಸಿಲೆಂದು ಗಾಡಿಯ ಮೇಲೆ ಬಟ್ಟೆ ಹೊದಿಸುವುದು ಇನ್ನೊಂದು ಅಪಾಯ. ಸ್ವೀಡನ್ನಿನ ಪತ್ರಿಕೆಯೊಂದು 2014ರಲ್ಲಿ ಮಾಡಿದ ಪರೀಕ್ಷೆಯಲ್ಲಿ, ತೆಳುಬಟ್ಟೆಯಿಂದ ಮುಚ್ಚಿದ ಗಾಡಿಯ ಒಳಗಿನ ಉಷ್ಣತೆ ಅರ್ಧ ಗಂಟೆಯಲ್ಲಿ 34 ಡಿಗ್ರಿಗೂ ಒಂದು ಗಂಟೆಯಲ್ಲಿ 37 ಡಿಗ್ರಿಗೂ ಏರಿತು. ಸ್ವೀಡನ್ನಿನ ಬಿಸಿಲೇ ಹೀಗೆ ಮಾಡುವುದಾದರೆ ರಾಯಚೂರಿನ ಬಿಸಿಲು ಏನು ಮಾಡೀತೆಂಬುದನ್ನು ವಾಚಕರೇ ಊಹಿಸಬಹುದು. ಕಾರಿನ ಆಸನವನ್ನೇ ತೆಗೆದು ಗಾಡಿಯ ಚೌಕಟ್ಟಿನ ಮೇಲೆ ಕೂರಿಸುವ ಅನುಕೂಲವೂ ಈಗ ಉಂಟು; ಆದರೆ ಆ ಮುದುಡಿದ ಆಸನ ಪ್ರಯಾಣಕ್ಕೆ ಮಾತ್ರ, ಗಂಟೆಗಟ್ಟಲೆ ನಿದ್ದೆಗಲ್ಲ.

ಕೂಸಿಗೆ ಒಂದೂವರೆ ವರ್ಷವಾದಾಗ ಆ ಸಂಸಾರವು ಮೈಸೂರಿಗೆ ಬಂದಿತು. ಜೊತೆಯಲ್ಲಿ ಕೊಡೆಯಂತೆ ಮಡಿಯುವ ಹಗುರವಾದ ಹೊಸ ಗಾಡಿಯೂ ಬಂದಿತು. ಅದನ್ನು ಬೀದಿಗಿಳಿಸಿದಾಗ ತಿಳಿದುಬಂದ ಸತ್ಯವೆಂದರೆ, ಗಾಡಿಯನ್ನು ಆರಿಸುವವರು ಮೂವರಲ್ಲ, ನಾಲ್ವರು, ನಾಲ್ಕನೆಯದು ರಸ್ತೆ. ಕಾಲುದಾರಿಯು ಮೊಣಕಾಲೆತ್ತರದಲ್ಲಿ ಆರಂಭವಾಗಿ ಪ್ರತಿಯೊಂದು ಮನೆಯ ಗೇಟಿನ ಮುಂದೆ ಇಳಿದು ಮತ್ತೆ ಏರುತ್ತದೆ. ನಡುವೆ ಚರಂಡಿಯ ಒಂದು ಚಪ್ಪಡಿ ಇಲ್ಲ; ಮುಂದೆ ಎರಡು ಸ್ಕೂಟರು, ಎಳನೀರಿನ ರಾಶಿ, ವಿದ್ಯುತ್ತಿನ ಕಂಬ. ಗಾಡಿಯನ್ನು ಕೆಳಗಿಳಿಸಿದರೆ ಬಸ್ಸು ಲಾರಿಗಳ ಹೊಗೆ. ಇಂಗ್ಲೆಂಡಿನ ಸರ್ರೆ ವಿಶ್ವವಿದ್ಯಾನಿಲಯದ ಪ್ರಶಾಂತ ಕುಮಾರ್ ಮತ್ತು ಅವರ ಸಂಗಡಿಗರು 2018ರಲ್ಲಿ ತಿಳಿಸಿದಂತೆ, ಇಂಥ ಗಾಡಿಗಳಲ್ಲಿ ಕೂಸಿನ ಉಸಿರು ನೆಲದಿಂದ 55ರಿಂದ 85 ಸೆಂಟಿಮೀಟರು ಎತ್ತರದಲ್ಲಿರುತ್ತದೆ. ವಾಹನಗಳು ಹೊಗೆಯುಗುಳುವುದೂ ನೆಲದಿಂದ ಒಂದು ಮೀಟರಿನ ಒಳಗೇ. ಹಿರಿಯರ ಮೂಗಿಗೆ ತಿಳಿಯದ ಹೊಗೆಯನ್ನು ಕೂಸು ಕುಡಿಯುತ್ತದೆ. ಬಗಲಲ್ಲಿ ಎತ್ತಿಕೊಳ್ಳುವ ಅಜ್ಜಿಯ ಪದ್ಧತಿಗೆ ಇಲ್ಲಿ ಹೊಸದೊಂದು ಸಮರ್ಥನೆ ದೊರೆತಂತಾಯಿತು.

ಕುಕ್ಕರಹಳ್ಳಿ ಕೆರೆಯ ಏರಿಯ ಮಣ್ಣುಹಾದಿಯಲ್ಲಿ ಗಾಡಿ ಹೇಗೋ ಸಾಗಿತು. ಬೆಂಗಳೂರಿನ ರೆಸಿಡೆನ್ಸಿ ರಸ್ತೆಯಂಥ ಕೆಲವೆಡೆ, ಅಗಲವಾಗಿ ಹೊಸದಾಗಿ ಕಟ್ಟಿದ ಕಾಲುದಾರಿಗಳ ಮೇಲೆ ಸುಖವಾಗಿಯೂ ಸಾಗಿತು. ಉಳಿದೆಡೆ ಮಡಿಸಿಟ್ಟ ಗಾಡಿ ಮೂಲೆ ಸೇರಿತು. ಕನ್ನಡನಾಡಿನಲ್ಲಿ ಕೂಸಿನ ಗಾಡಿ ಹೆಚ್ಚಾಗಿ ಕಾಣದಿರುವುದಕ್ಕೆ ಬಗಲಿನ ಅಕ್ಕರೆಯೊಂದೇ ಕಾರಣವಲ್ಲ. ಅದನ್ನು ತಳ್ಳುವುದಕ್ಕೆ ನೆಲವಿಲ್ಲದಿರುವುದೂ ಕಾರಣ. ನೆಲವಿಲ್ಲದ ಕಡೆ ಗಾಲಿಕುರ್ಚಿಯೂ ಹೋಗದು, ಕೋಲೂರಿದ ಮುದುಕರೂ ಹೋಗರು. ಅಲ್ಲಿ ಬಸ್ಸಿನಲ್ಲಿ ಸ್ಥಳಕ್ಕಾಗಿ ಎದುರಾಳಿಗಳಾದವರು ಇಲ್ಲಿ ಬೀದಿಗಾಗಿ ಒಂದೇ ಪಕ್ಷದವರು. ಮನೆಮನೆಗಳಲ್ಲಿ ಅಜ್ಜಿ ಚಿಕ್ಕಮ್ಮಂದಿರ ಕೈಗಳು ಹೇರಳವಾಗಿದ್ದ ಕಾಲದಲ್ಲಿ ಈ ಕೊರತೆ ಕಾಣಿಸುತ್ತಿರಲಿಲ್ಲ. ಈಗ ಬೆಂಗಳೂರು, ಹುಬ್ಬಳ್ಳಿ, ಮಂಗಳೂರುಗಳಲ್ಲಿಯೂ ಗಂಡ ಹೆಂಡತಿ ಇಬ್ಬರೇ ಇರುವ ಸಂಸಾರಗಳು ಬೆಳೆಯುತ್ತಿವೆ. ಲೀಡ್ಸಿನ ಚಳಿಗಾಲದ ಏಕಾಂತ ಅಲ್ಲಿಯ ಫ್ಲ್ಯಾಟುಗಳಿಗೂ ಬಂದಿದೆ.

ತಾಯ್ತಂದೆಗಳು ಗಾಡಿಯ ಬಣ್ಣ, ಚಕ್ರ, ಮಡಿಕೆಗಳ ವಿಷಯದಲ್ಲಿ ಆಡುವ ಜಗಳವನ್ನು ನೋಡಿ ನಗುವವರು ನಗಬಹುದು. ಆದರೆ ಒಬ್ಬರು “ಹಗುರವಾಗಿರಲಿ” ಎಂದಾಗ ಹೊರಗೆ ಹೋಗುವ ಸ್ವಾತಂತ್ರ್ಯವನ್ನು ಕೇಳುತ್ತಿದ್ದಾರೆ. ಮತ್ತೊಬ್ಬರು “ಮುಖ ಕಾಣಲಿ” ಎಂದಾಗ ಸಾಮೀಪ್ಯವನ್ನು ಕೇಳುತ್ತಿದ್ದಾರೆ. ಹಿರಿಯರು “ಗಾಡಿಯೇ ಬೇಡ” ಎಂದಾಗ ತಮ್ಮ ಕೈಗಳಿಗೆ ಇನ್ನೂ ಕೆಲಸವುಂಟೆಂದು ನೆನಪುಮಾಡುತ್ತಿದ್ದಾರೆ. ಮೂರೂ ನ್ಯಾಯವಾದ ಬೇಡಿಕೆಗಳೇ. ಅಂಗಡಿಯಲ್ಲಿ ಒಂದೇ ಗಾಡಿಯಲ್ಲಿ ಮೂರೂ ದೊರೆಯದಿದ್ದರೆ ಅದು ಗಾಡಿಯ ತಪ್ಪಲ್ಲ.

ಈ ವಾದವೆಲ್ಲ ಮುಗಿಯುವಷ್ಟರಲ್ಲಿ ಒಳಗಿನ ಯಜಮಾನರಿಗೆ ಎರಡು ವರ್ಷ ತುಂಬಿರುತ್ತದೆ. ಅವರು ಪಟ್ಟಿಯನ್ನು ಬಿಚ್ಚಿಸಿಕೊಂಡು ಕೆಳಗಿಳಿಯುತ್ತಾರೆ. ಕೈಗೆಟುಕದ ಹಿಡಿಯನ್ನು ಬಿಟ್ಟು ಚೌಕಟ್ಟಿನ ಕಂಬಿಯನ್ನು ಹಿಡಿದು, ಬರಿಯ ಗಾಡಿಯನ್ನು ತಾವೇ ತಳ್ಳಿಕೊಂಡು ಮುಂದೆ ಸಾಗುತ್ತಾರೆ. ಯಾವ ಗಾಡಿ ಒಳ್ಳೆಯದೆಂಬ ವಿಷಯದಲ್ಲಿ ಅವರು ಬಾಯಿ ಬಿಟ್ಟು ಹೇಳುವ ಮೊದಲನೆಯ ಅಭಿಪ್ರಾಯವೆಂದರೆ, ತಮಗೆ ಅದು ಬೇಡವೆಂಬುದೇ. ತಾಯ್ತಂದೆಗಳು ಪಟ್ಟ ಶ್ರಮ ಸಾರ್ಥಕವಾಯಿತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಏಕೆ?